ಕಾಯಕಕ್ಕೆ ಒಡೆಯನಾರು?

ಕಾಯಕವೆಂಬ ಮಾತನ್ನು ನಾವು ದಿನಕ್ಕೆ ಹತ್ತು ಬಾರಿ ಆಡುತ್ತೇವೆ. ಆದರೆ ಮನೆಯ ಮಗನೊಬ್ಬ ತಿಂಗಳ ಸಂಬಳದ ನೌಕರಿಯನ್ನು ಬಿಟ್ಟು ಬಂದಾಗ ಆ ಮಾತಿನ ಅರ್ಥವನ್ನು ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ. ನನ್ನ ತಮ್ಮನ ಮಗನು 2023ರ ಆರಂಭದಲ್ಲಿ ಬೆಂಗಳೂರಿನ ಸುದ್ದಿವಾಹಿನಿಯೊಂದಕ್ಕೆ ರಾಜೀನಾಮೆಯಿತ್ತು, ತಾನೇ ವಿಡಿಯೊಗಳನ್ನು ತಯಾರಿಸಿ ಯೂಟ್ಯೂಬಿನಲ್ಲಿ ಪ್ರಕಟಿಸತೊಡಗಿದನು. ಇಂತಹ ಪ್ರಸಂಗವು ಈಗ ಅನೇಕ ಶರಣ ಕುಟುಂಬಗಳಲ್ಲಿ ಒದಗುತ್ತಿರುವುದರಿಂದ ನಾಲ್ಕು ಮಾತು ಬರೆಯುವುದು ಉಚಿತವೆನಿಸಿತು.

ಅವನು ನೌಕರಿ ಬಿಟ್ಟದ್ದು ಸಂಬಳ ಸಾಲದೆಂದಲ್ಲ. 2022ರ ಅಕ್ಟೋಬರ್ 25ರಂದು, ದೀಪಾವಳಿಯ ದಿನಗಳಲ್ಲೇ, ಪಾರ್ಶ್ವ ಸೂರ್ಯಗ್ರಹಣ ಸಂಭವಿಸಿತು. ಚಂದ್ರನು ಸೂರ್ಯನಿಗೆ ಅಡ್ಡಬರುವ ಈ ಸಹಜ ವಿದ್ಯಮಾನವನ್ನು ಹಿಡಿದು, ಯಾವ ರಾಶಿಗೆ ಕಂಟಕ, ಯಾರು ಏನು ದಾನ ಮಾಡಬೇಕು ಎಂಬ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಹೊಣೆ ಅವನ ಪಾಲಿಗೆ ಬಂದಿತು. ಶಕುನ, ಮುಹೂರ್ತಗಳ ಭಯವನ್ನು ಕಿತ್ತೊಗೆದ ಶರಣರ ವಚನಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ ಹುಡುಗನವನು. “ದೊಡ್ಡಪ್ಪಾರ, ಮುಂಜಾನೆ ಲಿಂಗಪೂಜಾ ಮಾಡಿ, ಆಮ್ಯಾಲೆ ಹೋಗಿ ಮಂದಿಗೆ ಅಂಜಿಕಿ ಮಾರೂದು ನನ್ನ ಕೈಲೆ ಆಗವಲ್ದ್ರಿ” ಎಂದನು.

ನನ್ನ ತಮ್ಮನ ಚಿಂತೆಯೇ ಬೇರೆ. ಮಗನಿಗೆ ಹೆಣ್ಣು ನೋಡುತ್ತಿದ್ದ ಕಾಲವದು. ಬಹುಮಟ್ಟಿಗೆ ಒಪ್ಪಿತವಾಗಿದ್ದ ಸಂಬಂಧವೊಂದು ಈ ಸುದ್ದಿ ತಿಳಿದೊಡನೆ ಮುರಿಯಿತು. ಹೆಣ್ಣಿನ ಕಡೆಯವರನ್ನು ನಾನು ದೂಷಿಸಲಾರೆ. ಮಗಳನ್ನು ಕೊಡುವವರು ನಾಳಿನ ಪ್ರಸಾದದ ಗತಿಯೇನೆಂದು ವಿಚಾರಿಸುವುದು ನ್ಯಾಯವೇ ಆಗಿದೆ.

ಹೆಸರಾಂತವರಿಗೂ ಈ ದಾರಿ ಒದಗಿದೆ. 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹಿಂದಿ ಪತ್ರಕರ್ತ ರವೀಶ್ ಕುಮಾರ್ ಅವರು, ತಾವು ದೀರ್ಘಕಾಲ ದುಡಿದ ಎನ್‌ಡಿಟಿವಿಯ ಒಡೆತನ ಬದಲಾಗುತ್ತಿದ್ದ ಸಂದರ್ಭದಲ್ಲಿ, 2022ರ ನವೆಂಬರ್ 30ರಂದು ರಾಜೀನಾಮೆಯಿತ್ತು ತಮ್ಮ ಮಾತನ್ನು ಯೂಟ್ಯೂಬಿನಲ್ಲಿ ಮುಂದುವರಿಸಿದರು. ಆದರೆ ಅವರಿಗೆ ಮೊದಲೇ ಲಕ್ಷಾಂತರ ಪ್ರೇಕ್ಷಕರಿದ್ದರು. ನಮ್ಮ ಹುಡುಗನಿಗೆ ಇದ್ದವರು ನೆಂಟರಿಷ್ಟರು ಮಾತ್ರ.

ನನಗೆ ನೆನಪಾದವರು ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅನ್ಯರ ಮುದ್ರಣಾಲಯವನ್ನು ನೆಚ್ಚಿದರೆ ಕಾರ್ಯ ಸಾಗದೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಅವರು ಬಡತನವನ್ನೇ ವರಿಸಿದರು.

ಆದರೆ ಒಂದು ಭೇದವನ್ನು ಮರೆಯಬಾರದು. ಹಳಕಟ್ಟಿಯವರ ಮುದ್ರಣಾಲಯ ಅವರದೇ ಆಗಿತ್ತು. ಯೂಟ್ಯೂಬು ಪರರ ಗಿರಣಿ. 2018ರಲ್ಲಿ ಬಿಗಿಗೊಳಿಸಿದ ನಿಯಮದಂತೆ, 1,000 ಚಂದಾದಾರರು ಹಾಗೂ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಆಗುವವರೆಗೆ ದೀರ್ಘ ವಿಡಿಯೊಗಳಿಗೆ ಜಾಹೀರಾತಿನ ಪಾಲು ದೊರೆಯದು. ದೊರೆತಾಗಲೂ ತಯಾರಿಸಿದವನಿಗೆ ಶೇಕಡಾ 55, ಗಿರಣಿಯವರಿಗೆ 45. ಆದುದರಿಂದ ನೌಕರಿ ಬಿಟ್ಟ ಮಾತ್ರಕ್ಕೆ ಒಡೆಯನಿಲ್ಲದಂತಾಗಲಿಲ್ಲ. ಹಳೆಯ ಒಡೆಯನ ಸ್ಥಾನದಲ್ಲಿ ವೀಕ್ಷಕರ ಸಂಖ್ಯೆ ಬಂದು ಕುಳಿತುಕೊಳ್ಳಬಹುದು. ಸಂಖ್ಯೆಯ ಆಸೆಗೆ ಬಿದ್ದವನು ಸ್ವತಂತ್ರನಾಗಿದ್ದೂ ಅದೇ ಅಂಜಿಕೆಯನ್ನೇ ಮಾರಬಲ್ಲ.

ನಿಜವಾದ ಪರೀಕ್ಷೆ ಎರಡನೆಯ ವರ್ಷ ಬಂದಿತು. ಹಣ ಕಟ್ಟಿ ಆಡುವ ಆಟದ ಕಂಪನಿಯೊಂದು, ಒಂದು ನಿಮಿಷ ತನ್ನ ಹೆಸರು ಹೇಳಿದರೆ ಅವನ ಹಿಂದಿನ ಎರಡು ತಿಂಗಳ ಸಂಬಳದಷ್ಟು ಕೊಡುವುದಾಗಿ ತಿಳಿಸಿತು. ಆಗ ಮನೆಯಲ್ಲಿ ಸಾಲವಿತ್ತು. ಅವನು ನನ್ನನ್ನು ಕೇಳಿದಾಗ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನಷ್ಟೇ ನೆನಪಿಸಿದೆನು. ಪತಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದ ತಾಯಿ ಆಕೆ. ಹುಡುಗನು ಮರುದಿನವೇ ಒಲ್ಲೆನೆಂದು ತಿಳಿಸಿದನು. 2025ರ ಆಗಸ್ಟಿನಲ್ಲಿ ಸಂಸತ್ತು ಅಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಕಾನೂನು ಬರುವ ಮೊದಲೇ ಕಾಯಕದ ವಿವೇಕವು ಅವನನ್ನು ಕಾಯ್ದಿತು.

ಈಗ ಅವನು ಗುಳೇದಗುಡ್ಡದ ಖಣ ನೇಯುವ ಮಗ್ಗಗಳ ಮುಂದೆ ಕುಳಿತು, ನೇಕಾರರ ಬದುಕನ್ನು ಅವರ ಮಾತಿನಲ್ಲಿಯೇ ಚಿತ್ರಿಸುತ್ತಿದ್ದಾನೆ. ಆದಾಯ ಹಿಂದಿನ ಸಂಬಳದ ಅರ್ಧವನ್ನು ಮುಟ್ಟಿದೆ. ಮಕ್ಕಳು ಇಂತಹ ಹಾದಿ ಹಿಡಿಯುವೆನೆಂದಾಗ ಹಿರಿಯರು ಕೂಡಲೇ ಗದರಿಸುವುದೂ ಬೇಡ, ಕಣ್ಣು ಮುಚ್ಚಿ ಹರಸುವುದೂ ಬೇಡ. ಒಂದು ವರ್ಷದ ಖರ್ಚು ಕೈಯಲ್ಲಿದೆಯೇ? ಮಾಡುವ ಕೆಲಸದಿಂದ ನೋಡುವವರಿಗೆ ಹಿತವಿದೆಯೇ? ಬೇಡದ ಹಣ ಬಂದಾಗ ಬೇಡವೆನ್ನುವ ಬಲವಿದೆಯೇ? ಈ ಮೂರನ್ನು ಕೇಳಿದರೆ ಸಾಕು.

ಅವನ ಮದುವೆ ಇನ್ನೂ ಕೂಡಿ ಬಂದಿಲ್ಲ. ಆದರೆ ಕಳೆದ ತಿಂಗಳು ವಧು-ವರರ ಮಾಹಿತಿಪತ್ರವನ್ನು ತುಂಬುವಾಗ, ಉದ್ಯೋಗವೆಂಬಲ್ಲಿ ನನ್ನ ತಮ್ಮನೇ ತನ್ನ ಕೈಯಾರೆ ‘ಸ್ವಂತ ಕಾಯಕ’ ಎಂದು ಬರೆದನು.