ಆಫೀಸಿನ ಡಬ್ಬ, ನನ್ನ ಡೆಬಿಯನ್

ಆಫೀಸಿನವರು ಕೊಡುವ ಕಂಪ್ಯೂಟರು ಸರ್ಕಾರಿ ಕ್ವಾರ್ಟರ್ಸ್ ಇದ್ದ ಹಾಗೆ. ವಾಸ ನಮ್ಮದು, ಗೋಡೆಗೆ ಮೊಳೆ ಹೊಡೆಯಬೇಕೆಂದರೆ ಅರ್ಜಿ. ಚೆನ್ನೈನ ತರಮಣಿ ಕಡೆಯ ನಮ್ಮ ಆಫೀಸಿನಲ್ಲಿ ನನ್ನ ಪಾಲಿಗೆ ಬಂದ ಡಬ್ಬದ ಪಕ್ಕೆಗೆ ಒಂದು ಚೀಟಿ: ಕಂಪನಿಯ ಹೆಸರು, ಉದ್ದದ ನಂಬರು, ಕೆಳಗೆ ಇದನ್ನು ಕೀಳಬಾರದೆಂಬ ಎಚ್ಚರಿಕೆ. ಒಳಗಿದ್ದದ್ದು ವಿಂಡೋಸ್. ಮನೆಯಲ್ಲಿ ವರ್ಷಗಟ್ಟಲೆ ಡೆಬಿಯನ್ ಲಿನಕ್ಸ್ ಬಳಸಿದವನು ನಾನು. ಇಲ್ಲೂ ಅದನ್ನೇ ಹಾಕಿಕೊಳ್ಳಲೇ ಎಂದು ಸಿಸ್ಟಮ್ ಅಡ್ಮಿನ್ ಹುಡುಗನನ್ನು ಕೇಳಿದೆ.

“ಮುಡಿಯಾದು ಸಾರ್” ಅಂದ, ಆಗುವುದಿಲ್ಲವಂತೆ. ತಮಿಳುನಾಡಿಗೆ ಬಂದ ಕನ್ನಡಿಗ ಮೊದಲು ಕಲಿಯುವ ಮಾತುಗಳಲ್ಲಿ ಇದೂ ಒಂದು.

ನಾನೂ ಬಿಡಲಿಲ್ಲ. ಮೇಲಿನವರಿಗೆ ಬರೆದೆ, ಅವರು ಅವರ ಮೇಲಿನವರಿಗೆ ಬರೆದರು. ಕೊನೆಗೆ ಅಪ್ಪಣೆಯೇನೋ ಸಿಕ್ಕಿತು, ಜೊತೆಗೆ ಷರತ್ತುಗಳು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬೇಕು, ಅಪ್‌ಡೇಟ್ ತಪ್ಪಿಸಬಾರದು, ಕೆಟ್ಟರೆ ಅಡ್ಮಿನ್ ಕಡೆಯವರನ್ನು ಕರೆಯಬಾರದು. ಕಡೆಯದನ್ನು ಆ ಹುಡುಗನೇ ಸೇರಿಸಿದ್ದು ಅಂತ ನನ್ನ ಗುಮಾನಿ. ಅವನನ್ನು ದೂರಲಾರೆ. ಇನ್ನೂರು ಕಂಪ್ಯೂಟರು ನೋಡಿಕೊಳ್ಳುವವನಿಗೆ ಎಲ್ಲವೂ ಒಂದೇ ತರಹ ಇದ್ದರೆ ರಾತ್ರಿ ನಿದ್ದೆ ಬರುತ್ತದೆ.

ಈ ಹುಚ್ಚು ಹತ್ತಿಸಿದ್ದೂ ಇದೇ ಊರು. ಉಬುಂಟು ಎಂಬ ಲಿನಕ್ಸ್ 2004ರಲ್ಲಿ ಹುಟ್ಟಿದಾಗ ವಿಳಾಸ ಕೊಟ್ಟವರಿಗೆಲ್ಲ ಅಂಚೆಯಲ್ಲಿ ಬಿಟ್ಟಿ ಸಿ.ಡಿ. ಕಳಿಸುತ್ತಿದ್ದರು, ವಿದೇಶದ ಲಕೋಟೆ ನೋಡಿ ಪೋಸ್ಟ್‌ಮ್ಯಾನ್ ನನ್ನನ್ನು ಗೌರವದಿಂದ ಕಾಣತೊಡಗಿದ. ಹಳೆಯ ಹಾರ್ಡ್‌ಡಿಸ್ಕಿಗೆ ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟ್ ಇತ್ತು. ಗೊತ್ತಾಗದ್ದನ್ನು ಕೇಳಲು ಮದ್ರಾಸ್ ಐಐಟಿಯಲ್ಲಿ ಸೇರುತ್ತಿದ್ದ ಲಿನಕ್ಸ್ ಬಳಕೆದಾರರ ಕೂಟವಿತ್ತು. ಗಜೇಂದ್ರ ಸರ್ಕಲ್ ದಾಟಿ, ಅಡ್ಡ ಬಂದ ಜಿಂಕೆಗಳಿಗೆ ದಾರಿ ಬಿಟ್ಟು, ಏರೋಸ್ಪೇಸ್ ವಿಭಾಗದ ಕ್ಲಾಸ್‌ರೂಮು ಹೊಕ್ಕರೆ ಅಲ್ಲಿ ಕಾಲೇಜು ಹುಡುಗರೂ ತಲೆ ನರೆತವರೂ ಒಂದೇ ಬೆಂಚಿನಲ್ಲಿ ಕೂತು ಜಗಳವಾಡುತ್ತಿದ್ದರು.

ಇರಲಿ, ಡೆಬಿಯನ್ ಹಾಕಿದೆ. ಮೇಲ್, ವಿಪಿಎನ್, ಮೀಟಿಂಗು, ಎಲ್ಲ ಒಂದೊಂದಾಗಿ ದಾರಿಗೆ ಬಂದವು. ಬಾರದೆ ಉಳಿದದ್ದು ಪ್ರಿಂಟರು. ಬಾಗಿಲ ಬಳಿ ನಿಂತಿರುವ ಆ ದೊಡ್ಡ ಯಂತ್ರಕ್ಕೆ ವಿಭಾಗದ ಕೋಡ್ ಕೊಡದಿದ್ದರೆ ಅದು ಮುದ್ರಿಸುವುದಿಲ್ಲ; ಮುದ್ರಿಸುವುದಿಲ್ಲ ಅಂತ ಹೇಳುವುದೂ ಇಲ್ಲ. ಹಸಿರು ದೀಪ ಎರಡು ಸಲ ಮಿಣುಕುತ್ತದೆ, ಕಳಿಸಿದ್ದನ್ನು ನುಂಗುತ್ತದೆ, ಸುಮ್ಮನಾಗುತ್ತದೆ. ಲಿನಕ್ಸಿನಲ್ಲಿ ಕೋಡ್ ಬರೆಯುವ ಜಾಗವೇ ಕಾಣದು. ಆ ಮಾಡೆಲ್ಲಿಗೇ ಆಗುವ ಪ್ರಿಂಟರಿನ ವಿವರವಿರುವ ಪಿಪಿಡಿ ಫೈಲು ಹುಡುಕಿ ತಂದು ಹಾಕಿದ ಮೇಲೆ ಪ್ರಿಂಟಿನ ಕಿಟಕಿಯ ಮೂಲೆಯಲ್ಲಿ ನಾಲ್ಕಂಕಿಯ ಒಂದು ಖಾನೆ ಮೂಡಿತು. ಅಷ್ಟೇ ಬೇಕಿದ್ದದ್ದು!

ತಮಾಷೆಯೆಂದರೆ ಲಿನಕ್ಸಿನಂಥ ಸ್ವತಂತ್ರ ತಂತ್ರಾಂಶದ ಕಥೆಯಲ್ಲೂ ಮೊದಲಿಗೆ ಸಿಗುವುದು ಪ್ರಿಂಟರೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ತೆರೆಯ ಮೇಲೆ ಸುದ್ದಿ ಬರುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಪ್ರೋಗ್ರಾಮ್ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದರ ಸೋರ್ಸ್ ಕೋಡೇ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದು ಒಬ್ಬರ ಹತ್ತಿರ ಇತ್ತು. ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ ಅಂತ ಅವರು ಕೈಯಾಡಿಸಿಬಿಟ್ಟರು. ಆ ಸಿಟ್ಟೂ ಸೇರಿ 1983ರಲ್ಲಿ ಸ್ಟಾಲ್‌ಮನ್ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆ ಶುರುಮಾಡಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್ ಬಂತು, 1993ರಲ್ಲಿ ಇಯಾನ್ ಮರ್ಡಾಕ್ ಎರಡನ್ನೂ ಸೇರಿಸಿ ಡೆಬಿಯನ್ ಕಟ್ಟಿದರು. ನಲವತ್ತು ವರ್ಷ ಕಳೆದರೂ ಜಗಳ ಪ್ರಿಂಟರಿನ ಜೊತೆಗೇ.

ಚೆನ್ನೈನಲ್ಲಿ ನಾನೇನು ಮೊದಲಿಗನಲ್ಲ. ನಂದನಂನಲ್ಲಿರುವ ಸರ್ಕಾರಿ ಸಂಸ್ಥೆ ಎಲ್ಕಾಟ್‌ನಲ್ಲಿ ಸಿ. ಉಮಾಶಂಕರ್ ಎಂಬ ಐಎಎಸ್ ಅಧಿಕಾರಿ ವ್ಯವಸ್ಥಾಪಕ ನಿರ್ದೇಶಕರಾಗಿದ್ದಾಗ, 2006–07ರ ಹೊತ್ತಿಗೆ, ಆಫೀಸಿನ ಕಂಪ್ಯೂಟರುಗಳನ್ನೇ ಸೂಸೆ ಲಿನಕ್ಸಿಗೆ ಬದಲಾಯಿಸಿದ್ದರು. 2007ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸಿ-ಡ್ಯಾಕ್‌ನ ಚೆನ್ನೈ ಕೇಂದ್ರದಿಂದ ‘ಬಾಸ್’ ಲಿನಕ್ಸ್ ಹೊರಬಂತು. ಅದರ ಬುಡವೂ ಡೆಬಿಯನ್ನೇ. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕದಲ್ಲಿ ಬಾಸ್ ಕೂಡ ಇತ್ತು. ನಮ್ಮ ಕೆಳಮನೆಯ ಹುಡುಗಿಗೂ ಒಂದು ಬಂತು. ಆನ್ ಮಾಡಿದಾಗ ಎರಡು ಹೆಸರು ಕಾಣುತ್ತವಲ್ಲ, ಎರಡನೆಯದು ಯಾಕಮ್ಮ ಎಂದರೆ “ತೆರಿಯಲೆ ಅಂಕಲ್” ಅಂದಳು, ಗೊತ್ತಿಲ್ಲವಂತೆ. ನಾನು ಬೇಡಿ, ಕಾಡಿ, ಸಹಿ ಹಾಕಿ ಪಡೆದದ್ದು ಅವಳಿಗೆ ಕೇಳದೆಯೇ ಬಂದಿತ್ತು. ಅದಕ್ಕೇ ಅವಳಿಗದು ಬೇಕಿರಲಿಲ್ಲ. ಸಾಫ್ಟ್‌ವೇರನ್ನು ಹಂಚಬಹುದು, ಚಪಲವನ್ನು ಹಂಚಲಾಗದು.

ಕನ್ನಡದ್ದು ಬೇರೆ ಫಜೀತಿ. ಇಲ್ಲಿನ ಕನ್ನಡ ಸಂಘದ ಗೆಳೆಯರು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿ ಕಳಿಸಿದ ಆಮಂತ್ರಣ ನನ್ನ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಯೂನಿಕೋಡಿಗೆ ಬದಲಾಯಿಸಿಕೊಂಡು ಓದಬೇಕು. ಆದರೆ ಟೈಪಿಸುವುದಕ್ಕೆ ಯಾರ ಹಂಗೂ ಇಲ್ಲ. ಸೆಟ್ಟಿಂಗ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಅಂತ ಕೂತಿದೆ, ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರು, ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಕನ್ನಡಕ್ಕಷ್ಟೇ ಅಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತದ ಕೆಳಗೂ ಕಗಪ ಇದೆ. ನನ್ನನ್ನು ನೋಡಿ ಡೆಬಿಯನ್ ಹಾಕಿಸಿಕೊಂಡ ಪುಣೆಯ ಸಹೋದ್ಯೋಗಿ ಅಮ್ಮನಿಗೆ ಮರಾಠಿಯಲ್ಲಿ ಬರೆಯುವುದು ಅದರಲ್ಲೇ. ಕಗಪ ಅಂದರೆ ಯಾವುದೋ ಜಪಾನಿ ಕಂಪನಿ ಅಂದುಕೊಂಡಿದ್ದರಂತೆ. ಬೆಂಗಳೂರಿನದು ಅಂದೆ, ನಂಬಿದ ಹಾಗೆ ಕಾಣಲಿಲ್ಲ.