ಕನ್ನಡಕದ ಸಿಪಾಯಿ

ನಾಲ್ಕನೇ ಕ್ಲಾಸಿನಿಂದಲೂ ನಾನು ‘ಸೋಡಾಬುಡ್ಡಿ’. ಬೆಳಿಗ್ಗೆ ಎದ್ದು ಕನ್ನಡಕ ಹುಡುಕುವುದಕ್ಕೂ ಕನ್ನಡಕ ಬೇಕಾಗುವ ಜಾತಿ ನಮ್ಮದು. ಅದಕ್ಕೇ ಇರಬೇಕು, ಮ್ಯೂಸಿಯಮ್ಮಿನಲ್ಲಿ ಉಳಿದವರು ಕತ್ತಿ, ಕಿರೀಟಗಳ ಮುಂದೆ ನಿಂತರೆ ನನ್ನ ಕಣ್ಣು ಸತ್ತವರ ಕನ್ನಡಕಗಳನ್ನು ಅರಸುತ್ತದೆ. ಅಂಥವುಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಬಂಗಾಳದಲ್ಲಿ ಹೂಗ್ಲಿ ನದಿ ದಂಡೆಯ ಚಂದನ್‌ನಗರದ ಮ್ಯೂಸಿಯಮ್ಮಿನದು. ಅದರ ಮೇಲೆ ರಕ್ತದ ಕಲೆಯಿದೆ.

ಅದನ್ನು ಹಾಕಿಕೊಂಡಿದ್ದವನು ಜೋಗೇಂದ್ರನಾಥ ಸೇನ್. ಚಂದನ್‌ನಗರ ಆಗ ಫ್ರೆಂಚರ ಕೈಯಲ್ಲಿತ್ತು. ಸೇನ್ ಮಾತ್ರ ಓದಲು ಹೋದದ್ದು ಇಂಗ್ಲೆಂಡಿನ ಲೀಡ್ಸ್‌ಗೆ, 1910ರಲ್ಲಿ. ಮೂರು ವರ್ಷಕ್ಕೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಬಂತು, ಆ ಊರಿನ ವಿದ್ಯುದ್ದೀಪದ ಕೇಂದ್ರದಲ್ಲೇ ಅಸಿಸ್ಟೆಂಟ್ ಎಂಜಿನಿಯರ್ ಕೆಲಸವೂ ಸಿಕ್ಕಿತು. ಅಲ್ಲೇ ಬೇರು ಬಿಡಬಹುದಿತ್ತು. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಸೆಪ್ಟೆಂಬರಿನಲ್ಲೇ ಈತ ಸೈನ್ಯಕ್ಕೆ ಹೆಸರು ಬರೆಸಿಬಿಟ್ಟ.

ಸೇರಿದ್ದು ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್‌ಗೆ. ಜನ ಅದನ್ನು ‘ಲೀಡ್ಸ್ ಪಾಲ್ಸ್’ ಎಂದೇ ಕರೆಯುತ್ತಿದ್ದರು, ಅಂದರೆ ಲೀಡ್ಸಿನ ದೋಸ್ತಿಗಳ ದಂಡು. ಒಂದೇ ಊರಿನ, ಒಂದೇ ಆಫೀಸಿನ ಗೆಳೆಯರು ಒಟ್ಟಿಗೆ ಸೇರಿ, ನಿಮ್ಮನ್ನು ಒಟ್ಟಿಗೇ ಇಡುತ್ತೇವೆ ಅಂತ ಸರ್ಕಾರ ಆಸೆ ಹುಟ್ಟಿಸಿತ್ತು. ಆ ದೋಸ್ತಿ ಬಡ್ತಿ ಕೊಟ್ಟು ತೋಳಿನ ಪಟ್ಟಿ ಹಂಚುವ ತನಕ ಮಾತ್ರ. ಇಡೀ ದಂಡಿನಲ್ಲಿ ಅವನಷ್ಟು ಓದಿದವರು ಯಾರೂ ಇರಲಿಲ್ಲ, ಆದರೂ ಕಂದು ಬಣ್ಣದವನನ್ನು ಬಿಳಿಯರ ಮೇಲೆ ಕೂರಿಸುವ ಹಾಗಿರಲಿಲ್ಲವಲ್ಲ ಅಂತ ಜೊತೆಯ ಸಿಪಾಯಿಯೊಬ್ಬ ಎಷ್ಟೋ ದಶಕಗಳ ಮೇಲೆ ನೆನಪಿಸಿಕೊಂಡಿದ್ದ. ಸೇನ್ ಕೊನೆಯವರೆಗೂ ಪ್ರೈವೇಟ್, ಅಂದರೆ ಬರೀ ಸಿಪಾಯಿ.

1915ರ ಡಿಸೆಂಬರಿನಲ್ಲಿ ಇವರನ್ನು ಹಡಗು ಹತ್ತಿಸಿ ಈಜಿಪ್ಟಿಗೆ, ಸೂಯೆಜ್ ಕಾಲುವೆ ಕಾಯಲು ಕಳಿಸಿದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಆ ಕಾಲದಲ್ಲಿ ಅದೇ ಕಾಲುವೆಯ ಕಾವಲಿನಲ್ಲಿದ್ದರು. ಅಲ್ಲೆಲ್ಲೋ ಮರಳಿನಲ್ಲಿ ಒಬ್ಬ ಮೈಸೂರಿಗ, ಗೋರಾ ಪಲ್ಟನ್ನಿನ ಮಧ್ಯೆ ಕನ್ನಡಕ ಹಾಕಿಕೊಂಡು ನಿಂತ ಈ ಬಂಗಾಳಿಯನ್ನು ಕಂಡು ಹುಬ್ಬೇರಿಸಿದ್ದರೆ? ಇದು ನನ್ನ ಆಸೆ ಅಷ್ಟೇ.

ಮಾರ್ಚಿನಲ್ಲಿ ಫ್ರಾನ್ಸ್. ಸೊಮ್ ಪ್ರದೇಶದ ಸೆರ್ ಎಂಬ ಹಳ್ಳಿಯೆದುರಿನ ಕಂದಕಗಳು. 1916ರ ಮೇ 22ರ ರಾತ್ರಿ ಮುಳ್ಳುತಂತಿ ಹಾಕುವ ತಂಡದೊಂದಿಗೆ ಸೇನ್ ಕಂದಕದಿಂದ ಹೊರಟ. ತಂತಿಗೆ ಕರೆಂಟು ಹರಿಸಲು ಕಲಿತವನಿಗೆ ಸಿಕ್ಕ ತಂತಿಯ ಕೆಲಸ ಇದು! ದೀಪ ಹಚ್ಚುವಂತಿಲ್ಲ, ಸದ್ದು ಮಾಡುವಂತಿಲ್ಲ. ಕಾಣದ ದಾರಿಯಲ್ಲಿ ಕನ್ನಡಕ ಎಷ್ಟು ಕಾಡುತ್ತದೆ ಅಂತ ನನಗೆ ಗೊತ್ತು. ಒಮ್ಮೆ ನಮ್ಮ ಆಫೀಸಿನವರ ಹಿಂದೆ ಬಿದ್ದು ಮಳೆಗಾಲದಲ್ಲಿ ಕುಮಾರಪರ್ವತ ಹತ್ತಿದ್ದೆ. ಗಾಜಿನ ಹೊರಗೆ ಹನಿ, ಒಳಗೆ ಉಸಿರಿನ ಹಬೆ. ಒರೆಸಿದರೆ ಇನ್ನಷ್ಟು ಮಸುಕು. ಬೇರು ಯಾವುದು, ಕಲ್ಲು ಯಾವುದು ತಿಳಿಯದೆ ಮುಂದಿನವನ ಬ್ಯಾಗು ಹಿಡಿದುಕೊಂಡೇ ನಡೆದೆ. ಅಲ್ಲಿ ನನಗೆ ಯಾರೂ ಗುಂಡು ಹೊಡೆಯುತ್ತಿರಲಿಲ್ಲ, ಜಿಗಣೆ ಬಿಟ್ಟರೆ ವೈರಿಗಳೂ ಇರಲಿಲ್ಲ. ಕತ್ತಲಲ್ಲಿ, ಕೈಯಲ್ಲಿ ಮುಳ್ಳುತಂತಿ ಹಿಡಿದು, ಮೂಗಿನಿಂದ ಜಾರುವ ಕನ್ನಡಕವನ್ನು ಸೇನ್ ಯಾವ ಬೆರಳಿನಿಂದ ಮೇಲಕ್ಕೆ ತಳ್ಳಿದನೋ.

ಶೆಲ್ಲಿನ ಚೂರು ಮೊದಲು ಕಾಲಿಗೆ ಬಡಿಯಿತು, ಆಮೇಲೆ ಕತ್ತಿಗೆ. ವಯಸ್ಸು 28. ಹುಟ್ಟಿದ್ದು ಫ್ರೆಂಚರ ಊರಿನಲ್ಲಿ; ಬ್ರಿಟಿಷರ ಪರ ಹೋರಾಡಿ ಮಣ್ಣಾದದ್ದು ಫ್ರಾನ್ಸಿನಲ್ಲೇ, ಕೊಲಾಂಕಾಂಪ್ ಹತ್ತಿರದ ಸೈನಿಕರ ಸ್ಮಶಾನದಲ್ಲಿ. ಆರು ವಾರವೂ ಕಳೆಯುವ ಮೊದಲು, ಜುಲೈ 1ರ ಬೆಳಿಗ್ಗೆ, ಅದೇ ಸೆರ್ ಎದುರು ಲೀಡ್ಸ್ ಪಾಲ್ಸ್‌ನ ಸುಮಾರು 500 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಒಟ್ಟಿಗೇ ಇಡುತ್ತೇವೆ ಎಂಬ ಮಾತನ್ನು ಸೈನ್ಯ ಅಂದು ಚೆನ್ನಾಗಿಯೇ ನಡೆಸಿಕೊಟ್ಟಿತು.

ಸೇನ್ ಯಾಕೆ ಸೇರಿದ? ಅದು ಅವನ ರಾಜನ ಯುದ್ಧವೂ ಅಲ್ಲ, ಕರೆದವರೂ ಇಲ್ಲ. ಪಕ್ಕದ ಮೇಜಿನವರೆಲ್ಲ ಎದ್ದು ಹೊರಟಾಗ ಒಬ್ಬನೇ ಕೂತಿರಲು ನಾಚಿಕೆಯಾಗಿರಬೇಕು ಅಂತ ನನ್ನ ಲೆಕ್ಕ. ಕುಮಾರಪರ್ವತಕ್ಕೆ ನನ್ನನ್ನು ಎಳೆದದ್ದೂ ಅದೇ. ಹೆಂಡತಿ ಇದನ್ನು ಒಪ್ಪುವುದಿಲ್ಲ. “ಕರೆಂಟ್ ಆಫೀಸಿನ ಕೆಲಸ ಬಿಟ್ಟು ಯಾರಾದ್ರೂ ಹೋಗ್ತಾರೇನ್ರೀ?” ಅನ್ನುತ್ತಾಳೆ. ನನ್ನ ಮಾವ ಲೈನ್‌ಮನ್ ಆಗಿ ರಿಟೈರಾದವರು. ಆ ಮನೆಯಲ್ಲಿ ಈ ತಪ್ಪಿಗೆ ಕ್ಷಮೆಯಿಲ್ಲ.