ಪೇಟಿಯ ಮಗ್ಗುಲಲ್ಲಿ ಸ್ಯಾಕ್ಸೋಫೋನು

ಜಾಝ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಓದುಗ ಬಂಧುಗಳಲ್ಲಿ ಅನೇಕರ ಕಣ್ಣ ಮುಂದೆ ಪಟ್ಟಣದ ದೊಡ್ಡ ಹೊಟೇಲು, ಮಬ್ಬು ದೀಪ, ಅರ್ಥವಾಗದ ಗದ್ದಲ ಇವು ಬಂದು ನಿಲ್ಲುವುದು ಸಹಜ. ಆದರೆ ಅದು ಹುಟ್ಟಿದ್ದು ಶ್ರೀಮಂತರ ಅಂಗಳದಲ್ಲಿ ಅಲ್ಲ. ಅಮೆರಿಕದ ದಕ್ಷಿಣ ಭಾಗದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಗುಲಾಮಗಿರಿಯ ನೊಗ ಕಳಚಿ ಇನ್ನೂ ಒಂದೆರಡು ತಲೆಮಾರಷ್ಟೇ ಕಳೆದಿದ್ದ ಕಪ್ಪು ಜನರ ನಡುವೆ, 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅದು ರೂಪುಗೊಂಡಿತು. ಅದರಲ್ಲಿ ‘ಜ್ಯಾಮ್’ ಎಂಬುದೊಂದು ಪದ್ಧತಿಯುಂಟು. ಹೊಟ್ಟೆಪಾಡಿನ ಕಾರ್ಯಕ್ರಮ ಮುಗಿದ ಮೇಲೆ ವಾದಕರು ಒಂದೆಡೆ ಕೂಡುತ್ತಾರೆ. ಮೊದಲು ಎಲ್ಲರೂ ಸೇರಿ ಗೊತ್ತಿರುವ ಒಂದು ಧಾಟಿಯನ್ನು ನುಡಿಸುತ್ತಾರೆ. ಬಳಿಕ ಸರದಿಯಂತೆ ಒಬ್ಬೊಬ್ಬರೂ ತಮಗೆ ತೋಚಿದಂತೆ ಅದನ್ನು ಬೆಳೆಸುತ್ತಾರೆ. ಕಡೆಗೆ ಎಲ್ಲರೂ ಮೊದಲಿನ ಧಾಟಿಗೇ ಮರಳುತ್ತಾರೆ. ಮುಂಚಿತವಾದ ತಾಲೀಮಿಲ್ಲ, ಹಾಡುಗಳ ಪಟ್ಟಿಯಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿ 1938ರಲ್ಲಿ ತೆರೆದ ಮಿಂಟನ್ಸ್ ಪ್ಲೇಹೌಸ್ ಎಂಬಲ್ಲಿ ಥೆಲೋನಿಯಸ್ ಮಾಂಕ್, ಡಿಝಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಮೊದಲಾದವರು 1940ರ ದಶಕದ ಆರಂಭದಲ್ಲಿ ಇಂತಹ ಕೂಟಗಳಲ್ಲಿ ಕುಳಿತೇ ಆ ಸಂಗೀತದ ದಾರಿಯನ್ನು ಬದಲಿಸಿದರು.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಕ್ಕನ ಮಗನು ಇದನ್ನೆಲ್ಲ ಬಹು ಉತ್ಸಾಹದಿಂದ ವಿವರಿಸಿದಾಗ ನಮಗೆ ನಗು ಬಂದಿತು. “ಇದನ್ನ ನೋಡಾಕ ಅಮೆರಿಕಾಕ್ಕ ಯಾಕ ಹೋಗಬೇಕೋ ತಮ್ಮಾ? ನಮ್ಮ ಅಂಕಲ್ಯಾಗ ಸೋಮವಾರಕ್ಕೊಮ್ಮೆ ನಡೀತೈತಿ” ಎಂದೆವು. ನಾವು ಹೇಳಿದ್ದು ನಮ್ಮ ಭಜನಾ ಮೇಳದ ಮಾತನ್ನು.

ಚಿಕ್ಕೋಡಿ ತಾಲೂಕಿನ ಅಂಕಲಿ ಕೃಷ್ಣೆಯ ಸೀಮೆಯ ಊರು. ಇಲ್ಲಿಯ ಶಿತೋಳೆ ಸರಕಾರರ ವಾಡೆಯಿಂದ ಪ್ರತಿ ವರ್ಷವೂ ಎರಡು ಕುದುರೆಗಳು ಆಳಂದಿಗೆ ನಡೆದು ಹೋಗುತ್ತವೆ. ಜ್ಞಾನೇಶ್ವರರ ಪಾಲಖಿಯ ಮುಂದೆ ಸವಾರನಿಲ್ಲದೆ ನಡೆಯುವ ಮಾಉಲಿಯ ಅಶ್ವ ನಮ್ಮೂರಿನದು. 1830ರ ದಶಕದಲ್ಲಿ ಹೈಬತಬಾಬಾ ಆರಫಳಕರ ಅವರು ಆ ಪಾಲಖಿಗೆ ಈಗಿನ ಸ್ವರೂಪ ಕೊಟ್ಟಾಗ ಅಂಕಲಿಯ ಸರದಾರರು ನೆರವಾದರೆಂಬುದು ಪ್ರಸಿದ್ಧವಾದ ಸಂಗತಿ. ಈ ಕಡೆಗೆ ಯಡೂರಿನ ವೀರಭದ್ರ, ಆ ಕಡೆಗೆ ಪಂಢರಪುರದ ದಾರಿ. ಹೀಗಾಗಿ ನಮ್ಮ ಮೇಳದಲ್ಲಿ ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದವೊಂದು ಮುಗಿಯುತ್ತಲೇ ತುಕಾರಾಮರ ಅಭಂಗವೊಂದು ಹೊರಡುವುದು, ಅದರ ಬೆನ್ನಿಗೆ ಶಿಶುನಾಳ ಶರೀಫರ ಪದ ಬರುವುದು ತೀರ ಸಾಮಾನ್ಯ. ಗಡಿಯ ವಿಷಯವಾಗಿ ಹಗಲೆಲ್ಲ ಕಟ್ಟೆಯ ಮೇಲೆ ವಾದಿಸಿದವರು ರಾತ್ರಿ ಒಂದೇ ಠೇಕಾಕ್ಕೆ ತಲೆಯಾಡಿಸುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಮೇಳದ ವಾದ್ಯಗಳೋ ಎಣಿಸಿದಷ್ಟೇ: ಒಂದು ಪೇಟಿ, ತಬಲಾ ಡಗ್ಗಾ, ಎರಡು ದಮ್ಮಡಿ, ಒಂದು ಏಕತಾರಿ, ನಾಲ್ಕು ಜೊತೆ ತಾಳ. ಪೇಟಿಯನ್ನು ನುಡಿಸುವವರು ನಿವೃತ್ತ ಶಾಲಾ ಮಾಸ್ತರರು, ಎಪ್ಪತ್ತು ದಾಟಿದವರು. 2019ರ ಆಗಸ್ಟಿನ ಮಹಾಪೂರದಲ್ಲಿ ಮಾಂಜರಿಯ ಸದಸ್ಯರೊಬ್ಬರ ಮನೆಯಲ್ಲಿದ್ದ ಈ ಪೇಟಿ ನೀರು ಕುಡಿದು ಊದಿಕೊಂಡಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಮಿರಜಿಗೆ ಒಯ್ದು, ಸ್ವರದ ಪಟ್ಟಿಗಳನ್ನು ಬದಲಿಸಿ ತಂದೆವು. ಸಿತಾರ ತಂಬೂರಿಗಳಿಗೆ ಹೆಸರಾದ, 2024ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದ ಮಿರಜು ನಮ್ಮಂಥವರ ಪೇಟಿಯನ್ನೂ ಕೈಬಿಡುವುದಿಲ್ಲ. ಪೇಟಿಯೇನೋ ಉಳಿಯಿತು, ನುಡಿಸುವವರು, ಹಾಡುವವರು ಕಡಿಮೆಯಾದರು. ಒಂದು ಕಾಲಕ್ಕೆ ಹದಿನೈದು ಜನ ಕೂಡುತ್ತಿದ್ದ ಮೇಳದಲ್ಲಿ 2024ರ ಶ್ರಾವಣದ ಹೊತ್ತಿಗೆ ನಾವು ಉಳಿದದ್ದು ಏಳು ಜನ. ಅವರಲ್ಲಿ ಐವತ್ತರ ಒಳಗಿನವರು ಇಬ್ಬರೇ. ಅಂದು ನಮ್ಮನ್ನು ಕಾಡುತ್ತಿದ್ದ ಚಿಂತೆ ಇದು.

ಆ ಶ್ರಾವಣದ ಎರಡನೆಯ ಸೋಮವಾರಕ್ಕೆ ಅಳಿಯನು ಬಂದನು, ಬರುವಾಗ ಕರಿಯ ಪೆಟ್ಟಿಗೆಯೊಂದನ್ನು ತಂದನು. ಒಳಗೆ ಹಿತ್ತಾಳೆಯ ಸ್ಯಾಕ್ಸೋಫೋನು. ಅದನ್ನು ಮೇಳದಲ್ಲಿ ಊದಬೇಕೆಂಬುದು ಅವನ ಆಸೆ. ಗುಡಿಯ ಪೌಳಿಯಲ್ಲಿ ಇದರ ಚರ್ಚೆ ಎದ್ದಾಗ ಹಿರಿಯ ತಾಳದವರೊಬ್ಬರು ಖಂಡತುಂಡವಾಗಿ ನುಡಿದರು: “ಅದು ಪರದೇಶದ ವಾದ್ಯ, ಬ್ಯಾಂಡಿನ್ಯಾವ್ರು ಲಗ್ನದಾಗ ಊದೂದು. ಭಜನಿಗೆ ನಡ್ಯಾಂಗಿಲ್ಲ.” ಮಾಸ್ತರರು ಪೇಟಿಯ ಮೇಲಿನ ಬಟ್ಟೆಯನ್ನು ನಿಧಾನವಾಗಿ ತೆಗೆಯುತ್ತ, “ಹಂಗಾರ ಇದನ್ನೂ ಹೊರಗ ಇಡಬೇಕಾಕೈತ್ರಿ ಅಣ್ಣಾರ” ಎಂದರು.

ಅವರ ಮಾತು ನಿಜ. ಸ್ಯಾಕ್ಸೋಫೋನನ್ನು ಕಂಡುಹಿಡಿದ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ, ಪ್ಯಾರಿಸಿನಲ್ಲಿ. ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಅಲೆಕ್ಸಾಂಡರ್ ಡಿಬೇನ್ ಹಕ್ಕುಪತ್ರ ಪಡೆದದ್ದೂ ಅದೇ ಪ್ಯಾರಿಸಿನಲ್ಲಿ, ಅದೇ ದಶಕದಲ್ಲಿ. ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ವಾದ್ಯಗಳಿವು. ಪೇಟಿಯನ್ನೂ ಆಕಾಶವಾಣಿಯು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಗುಡಿಗಳು ಮಾತ್ರ ಹೊರಗಿಡಲಿಲ್ಲ. ಇನ್ನು ಸ್ಯಾಕ್ಸೋಫೋನಿನ ವಿಷಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮೋಹಗೊಂಡ ನಾಗಸ್ವರದ ಮನೆತನದ ಹುಡುಗ ಕದ್ರಿ ಗೋಪಾಲನಾಥರು ಅದನ್ನೇ ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋದರು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿ ದಂಪತಿಗಳ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗವು ಜಾಝ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನೇ ಹೊರತಂದಿತ್ತು. ಅಳಿಯನು ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದನು. ಅಣ್ಣನವರು ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ.

ಆಷಾಢದಲ್ಲಿ ತಗ್ಗು ಸೇತುವೆಗಳನ್ನು ಮುಳುಗಿಸಿದ್ದ ಕೃಷ್ಣೆ ಇಳಿದಿದ್ದಳು, ಜನರ ಮನಸ್ಸೂ ಹಗುರಾಗಿತ್ತು. ಸುದ್ದಿ ಕೇಳಿ ಪೌಳಿಯ ತುಂಬ ಜನ. ಗಣಪತಿಯ ಪದ, ಗುರುಸ್ತುತಿ ಎಂದಿನಂತೆ ಆದವು; ಅಳಿಯನು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕುಳಿತನು. ಆಮೇಲೆ ಮಾಸ್ತರರು ಅವನತ್ತ ನೋಡಿ, “ಯಾವ ಪಟ್ಟಿ ಬೇಕೋ ತಮ್ಮಾ?” ಎಂದರು. ನಮ್ಮ ಮೇಳ ಹಾಡುವುದು ಕರಿ ಒಂದರಲ್ಲಿ. ಅವನ ವಾದ್ಯಕ್ಕೆ ಆ ಪಟ್ಟಿ ಬಲು ತೊಡಕು, ಬೆರಳುಗಳು ಕಟ್ಟಿಬೀಳುತ್ತವೆ. ಕರಿ ಎರಡು ಇಲ್ಲವೆ ಕರಿ ಐದು ಆದರೆ ಸಲೀಸು ಎಂದನು. ಕರಿ ಎರಡಕ್ಕೆ ಏರಿಸಿಕೊಂಡೆವು.

ಶರೀಫರ ಪದವೊಂದು. ಮುಂದಾಳು ಪಲ್ಲವಿ ಹೇಳಿದರು, ಮೇಳ ಎತ್ತಿಕೊಂಡಿತು, ಎರಡು ನುಡಿಗಳಾದವು. ಮಾಸ್ತರರು ಕಣ್ಣು ಸನ್ನೆ ಮಾಡಿದರು. ಅಳಿಯನು ತುಟಿಗೆ ಹಚ್ಚಿದನು. ಆ ದನಿ ಕಲ್ಲಿನ ಪೌಳಿಯಲ್ಲಿ ಮೊಳಗಿದಾಗ ಮಕ್ಕಳು ಬಾಯಿ ತೆರೆದು ಕುಳಿತವು. ಮೊದಲು ಪದದ ಧಾಟಿಯನ್ನೇ ಊದಿದನು, ಜನ ‘ವಾಹವ್ವಾ’ ಎಂದರು. ಆ ಹೊಗಳಿಕೆ ಅವನ ತಲೆಗೇರಿತೆಂದು ತೋರುತ್ತದೆ. ಕಣ್ಣು ಮುಚ್ಚಿ ಧಾಟಿಯನ್ನು ಬಿಟ್ಟು ಎತ್ತೆತ್ತಲೋ ಹೊರಟನು. ಎಂಟು ಮಾತ್ರೆಯ ಭಜನಿ ಠೇಕಾ ಎಲ್ಲಿ ತಿರುಗುತ್ತದೆಂಬ ಎಚ್ಚರವೇ ಉಳಿಯಲಿಲ್ಲ. ಸಮ್ ತಪ್ಪಿತು. ಅವನಿಗೂ ಅದು ತಿಳಿಯಿತು. ಊದುವುದು ನಿಲ್ಲಿಸಲಾರ, ಮುಂದುವರಿಯಲಾರ. ಮುಖ ಕೆಂಪಾಯಿತು.

ಚಾರ್ಲಿ ಪಾರ್ಕರರ ಬಾಲ್ಯದ ಕತೆಯೊಂದುಂಟು. ಕ್ಯಾನ್ಸಸ್ ಸಿಟಿಯ ಕೂಟವೊಂದರಲ್ಲಿ, 1936ರ ಸುಮಾರಿಗೆ, ಹದಿನೈದು ಹದಿನಾರರ ಆ ಹುಡುಗ ನುಡಿಸುತ್ತ ಹೀಗೆಯೇ ದಾರಿ ತಪ್ಪಿದಾಗ ತಾಳವಾದಕ ಜೋ ಜೋನ್ಸ್ ತಮ್ಮ ಡ್ರಮ್ಮಿನ ಕಂಚಿನ ತಟ್ಟೆಯನ್ನು ಕಿತ್ತು ಅವನ ಕಾಲ ಬಳಿ ಎಸೆದರಂತೆ. ಎದ್ದು ಹೋಗು ಎಂಬುದಕ್ಕೆ ಅದು ಸನ್ನೆ. ಆ ಅವಮಾನವೇ ಹಟವಾಗಿ ಪಾರ್ಕರರು ಮಹಾನ್ ವಾದಕರಾದರೆಂದು ಹೇಳುವುದುಂಟು. ಇರಬಹುದು. ತಟ್ಟೆಯ ಸದ್ದಿಗೆ ಎದ್ದುಹೋಗಿ ಮರಳಿ ಬಾರದವರ ಕತೆಯನ್ನು ಯಾರೂ ಬರೆದಿಡುವುದಿಲ್ಲವಷ್ಟೆ.

ನಮ್ಮಲ್ಲಿ ನಡೆದದ್ದು ಬೇರೆ. ಮಾಸ್ತರರು ಪೇಟಿಯಲ್ಲಿ ಷಡ್ಜವೊಂದನ್ನೇ ಒತ್ತಿ ಹಿಡಿದರು. ತಬಲಾದವರು ಕೈಚಳಕವನ್ನೆಲ್ಲ ಬಿಟ್ಟು ಬರಿಯ ಠೇಕಾಕ್ಕೆ ಇಳಿದರು. ತಾಳದವರಾದ ನಾವು ಸಮ್ಮಿನ ಪೆಟ್ಟನ್ನು ಸ್ವಲ್ಪ ಬಲವಾಗಿ ಹಾಕಿದೆವು. ಯಾರೂ ಮಾತಾಡಲಿಲ್ಲ. ಎರಡು ಆವರ್ತನೆ ಕೇಳಿದನು, ಮೂರನೆಯದಕ್ಕೆ ಪಲ್ಲವಿಯ ಮುಖಕ್ಕೆ ಸರಿಯಾಗಿ ಬಂದು ಕೂಡಿಕೊಂಡನು. ಪೌಳಿಯೇ ಎದ್ದು ಕುಣಿಯಿತೆಂದರೆ ಅತಿಶಯೋಕ್ತಿಯಲ್ಲ. ಪದ ಮುಗಿದ ಮೇಲೆ ಮಾಸ್ತರರು ಹೇಳಿದ್ದು ಇಷ್ಟೆ: “ಚಲೋ ಊದ್ತಿ. ಆದರ ಊದೂವಾಗ ನಮ್ಮನ್ನ ಕೇಳವಲ್ಲಿ.” ಅನಂತರದ ಪದಗಳಲ್ಲಿ ಅವನು ಕಣ್ಣು ಮುಚ್ಚಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಇನ್ನೊಂದು ಪೇಚು ಹುಟ್ಟಿತು. ಕರಿ ಎರಡರಲ್ಲಿ ಹಾಡಿ ಹಾಡಿ ನಮ್ಮವರ ಗಂಟಲು ಸೋತಿತು. ಮೇಲಿನ ಷಡ್ಜಕ್ಕೆ ಹೋದವರೆಲ್ಲ ಕೆಮ್ಮುತ್ತ ಕೆಳಗಿಳಿಯತೊಡಗಿದರು. ಮರಳಿ ಕರಿ ಒಂದಕ್ಕೆ ಇಳಿದರೆ ಹುಡುಗನು ಸುಮ್ಮನೆ ಕೂಡಬೇಕು. ಉಳಿದದ್ದು ಕರಿ ಐದು. ಆ ಪಟ್ಟಿ ಗಂಡಸರ ಕಂಠದ್ದಲ್ಲ. ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದು, ಕಂಬದಾಚೆ ಹೆಣ್ಣುಮಕ್ಕಳು ಕುಳಿತ ಕಡೆಗೆ ತಿರುಗಿ, “ತಂಗೀ, ನೀ ಬಾ” ಎಂದು ತಬಲಾದವರ ಮಗಳನ್ನು ಕರೆದರು.

ಹತ್ತನೆಯ ಇಯತ್ತೆಯ ಹುಡುಗಿ. ಮನೆಯಲ್ಲಿ ತಂದೆಯ ಅಭ್ಯಾಸಕ್ಕೆ ಅವಳೇ ಹಾಡುವವಳೆಂಬುದು ನಮಗೆಲ್ಲ ಗೊತ್ತು. ಆದರೆ ನಮ್ಮ ಮೇಳದಲ್ಲಿ ಹೆಣ್ಣುಮಕ್ಕಳದು ಆರತಿಯ ಪದ, ತೊಟ್ಟಿಲ ಪದ ಅಷ್ಟೆ. ಪೇಟಿಯ ಪಕ್ಕದಲ್ಲಿ ಕುಳಿತು ಮುಂದಾಳಾಗಿ ಹಾಡಿದವರಿಲ್ಲ. ಅಕ್ಕಮಹಾದೇವಿಯ ಹೆಸರನ್ನು ಎತ್ತದೆ ಒಂದು ಭಾಷಣವನ್ನೂ ಮುಗಿಸದ ನಾವು ಈ ಪದ್ಧತಿಯನ್ನು ಹೇಗೆ ಇಷ್ಟು ಕಾಲ ನಡೆಸಿಕೊಂಡು ಬಂದೆವೋ! ಅವಳು ತಂದೆಯ ಮುಖ ನೋಡಿದಳು. ಅವರು ಡಗ್ಗಾವನ್ನು ಒರೆಸುತ್ತ ತಲೆ ತಗ್ಗಿಸಿದ್ದರು. ತಾಯಿಯು ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಮುಂದೆ ತಳ್ಳಿದಳು.

ನಿಜಗುಣರ ಪದವನ್ನು ಎತ್ತಿಕೊಂಡಳು. ಮೊದಲ ಸಾಲು ನಡುಗಿತು. ಎರಡನೆಯ ಸಲಕ್ಕೆ ಮಾಸ್ತರರ ಪೇಟಿ ಅವಳ ದನಿಗೆ ಒತ್ತುಗೊಟ್ಟಿತು. ಅವಳು ನುಡಿ ಮುಗಿಸಿ ಉಸಿರು ಎಳೆದುಕೊಳ್ಳುವ ಸಂದಿನಲ್ಲಿ ಅಳಿಯನು ನಾಲ್ಕೇ ಸ್ವರಗಳನ್ನು ಮೆತ್ತಗೆ ಊದಿ ಬಿಟ್ಟುಕೊಟ್ಟನು. ಅವಳು ಆ ನಾಲ್ಕು ಸ್ವರಗಳನ್ನೇ ತಿರುಗಿಸಿ ಮುಂದಿನ ನುಡಿಯ ಆರಂಭಕ್ಕೆ ಸೇರಿಸಿದಳು. ಇದನ್ನು ಯಾರೂ ಕಲಿಸಿರಲಿಲ್ಲ. ಅವನು ಮತ್ತೊಂದು ಬಗೆಯಲ್ಲಿ ಊದಿದನು, ಅವಳು ಮತ್ತೊಂದು ಬಗೆಯಲ್ಲಿ ಉತ್ತರಿಸಿದಳು. ತಬಲಾದವರು ತಲೆಯೆತ್ತಿದರು, ಲಯ ದುಗುನಿಗೆ ಏರಿತು, ದಮ್ಮಡಿಗಳು ಸೇರಿಕೊಂಡವು. ಹನ್ನೊಂದೂವರೆಯವರೆಗೆ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಕಡೆಗೆ ಅವಳು, ಸಾಂಗ್ಲಿ ಕಡೆಯಿಂದ ಬಂದ ತನ್ನ ಅಜ್ಜಿ ಕಲಿಸಿದ ಅಭಂಗವೊಂದನ್ನು ಹಾಡಿದಾಗ ಪೌಳಿಯ ಅರ್ಧ ಜನ ಮರಾಠಿಯಲ್ಲಿ, ಉಳಿದರ್ಧ ಜನ ಬರಿಯ ಚಪ್ಪಾಳೆಯಲ್ಲಿ ದನಿಗೂಡಿಸಿದರು.

ಮರುದಿನ ಊರಲ್ಲಿ ಎರಡು ಬಗೆಯ ಮಾತು ನಡೆದವು. ಸ್ಯಾಕ್ಸೋಫೋನಿನ ವಿಷಯವಾಗಿ ಆಕ್ಷೇಪಣೆ ಎಲ್ಲಿಯೂ ಕೇಳಿಬರಲಿಲ್ಲ; ಹುಡುಗಿಯ ವಿಷಯವಾಗಿ ಬಂದಿತು. ಪರದೇಶದ ವಾದ್ಯಕ್ಕೆ ಒಂದೇ ರಾತ್ರಿಯಲ್ಲಿ ದೊರೆತ ಜಾಗ ಮನೆಯ ಮಗಳಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಅಣ್ಣನವರು ಮುಂದಿನ ಎರಡು ಸೋಮವಾರ ಬರಲೇ ಇಲ್ಲ. ಮಾಸ್ತರರು ಅವರ ಮನೆಗೆ ಹೋಗಿ ಚಹಾ ಕುಡಿದು, ಆ ಮಾತನ್ನೇ ಎತ್ತದೆ, ಕಬ್ಬಿನ ವಿಷಯ ಮಾತಾಡಿ ಬಂದರು. ಅಳಿಯನು ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದನು. ಹುಡುಗಿ ಮಾತ್ರ ಪ್ರತಿ ಸೋಮವಾರ ಬಂದು ಪೇಟಿಯ ಪಕ್ಕದಲ್ಲೇ ಕುಳಿತಳು. ಅವಳೊಡನೆ ಇನ್ನಿಬ್ಬರು ಗೆಳತಿಯರೂ ಬಂದರು. ಅವರಲ್ಲೊಬ್ಬಳಿಗೆ ಈಗ ರವಿವಾರಕ್ಕೊಮ್ಮೆ ಪೇಟಿಯ ಪಾಠ ನಡೆದಿದೆ.

ಮೂರನೆಯ ಸೋಮವಾರ ಅಣ್ಣನವರು ಬಂದು ಕಂಬಕ್ಕೆ ಒರಗಿ ಕುಳಿತರು. ನಾವು ಅವರ ಜೊತೆ ತಾಳವನ್ನು ಅವರ ಮುಂದಿಟ್ಟೆವು. ಬಹಳ ಹೊತ್ತು ಮುಟ್ಟಲಿಲ್ಲ. ಕಡೆಗೆ ಅವರು ಎತ್ತಿದ ತಕರಾರು ಹುಡುಗಿಯದಾಗಿರಲಿಲ್ಲ: “ರಾತ್ರಿ ಎಲ್ಲಾ ಕರಿ ಐದು ಅಂದ್ರ ನಾವು ಮುದುಕರು ಎಲ್ಲಿ ಹಾಡೂನ್ರಿ ಮಾಸ್ತರ?” ಮಾಸ್ತರರು ಸ್ವಲ್ಪ ಯೋಚಿಸಿ ವ್ಯವಸ್ಥೆಯೊಂದನ್ನು ಹೇಳಿದರು. ಅಂದಿನಿಂದ ನಮ್ಮ ಮೇಳ ಹಾಗೆಯೇ ನಡೆದುಕೊಂಡು ಬಂದಿದೆ: ಹತ್ತು ಗಂಟೆಯವರೆಗೆ ಕರಿ ಒಂದು, ಹತ್ತರ ಮೇಲೆ ಕರಿ ಐದು.